ಅಕ್ಕ ತಡೆದು ನಿಂತ ಸಾಲು

ಓದಿದ್ದು ಜನರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವುದು ನನ್ನ ಕಸುಬು. ಹೇಳಿಕೊಳ್ಳಲು ಸಂಕೋಚ, ಏಕೆಂದರೆ ಪಕ್ಕದಲ್ಲಿ ಹೆಂಡತಿ ಇದ್ದರೆ ನಗುತ್ತಾಳೆ. "ಇಪ್ಪತ್ತು ವರ್ಷ ಆತು, ನಾ ಸಿಟ್ಟಾಗೇನೋ ದಣದೇನೋ ಇವರಿಗೆ ತಿಳಿಯೂದಿಲ್ರಿ. ಮಂದಿ ತಲಿ ಓದಾಕ ಹೊಂಟಾರ" ಎಂದು ಬಂದವರ ಮುಂದೆಯೇ ಹೇಳುತ್ತಾಳೆ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಗೋಕಾಕದ ನಮ್ಮ ಮನೆಯಲ್ಲಿ ದೀಪವೂ ಅಷ್ಟಕ್ಕಷ್ಟೇ.

ಕೆಲಸ ಹೀಗೆ. ಲ್ಯಾಪ್‌ಟಾಪಿನಲ್ಲಿ ಪುಟ್ಟ ಕಥೆಯೊಂದು ಒಂದೊಂದೇ ಸಾಲಾಗಿ ಬರುತ್ತದೆ. ಓದಿ ಗುಂಡಿ ಒತ್ತಿದರೆ ಮುಂದಿನ ಸಾಲು. ಯಾವ ಸಾಲಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ನನ್ನ ಪ್ರೋಗ್ರಾಂ ಓದುಗರ ತಿಳಿವಳಿಕೆಯನ್ನು ಅಳೆಯುತ್ತದೆ. ಬೇಗ ಒತ್ತಿದರೆ ಅರ್ಥವಾಯಿತು, ತಡವಾದರೆ ಆಗಲಿಲ್ಲ. ಮನುಷ್ಯರ ಬುದ್ಧಿ ಇಷ್ಟು ಸಲೀಸಾಗಿ ಕೈಗೆ ಸಿಕ್ಕಿತೆಂದು ನಾನು ಕೆಲವು ದಿನ ಬೀಗಿದ್ದೂ ಉಂಟು. ಕಥೆಯನ್ನೂ ನಾನೇ ಬರೆದಿದ್ದೆ. ಯಾರಿಗೂ ಕಷ್ಟವಾಗದಿರಲೆಂದು ಮನೆ, ಹೊಲ, ಹಬ್ಬ ಇಷ್ಟೇ ಇಟ್ಟಿದ್ದೆ. ಯಮಕನಮರಡಿಯ ಲಾರಿ ಡ್ರೈವರೊಬ್ಬರು ಹಾರ್ನ್ ಬಾರಿಸಿದ ಹಾಗೆ ಗುಂಡಿ ಒತ್ತುತ್ತ ಹೋದರು. ಪ್ರೋಗ್ರಾಂ ಅವರನ್ನು ಮಹಾಜ್ಞಾನಿಗಳ ಸಾಲಿಗೆ ಸೇರಿಸಿತು. "ಓದೂದೂ ಇತ್ತೇನ್ರಿ ಸರ?" ಎಂದು ಅವರು ಆಮೇಲೆ ಕೇಳಿದರು.

ಓದಿಸಲು ಹಿರಿಯ ಹೆಂಗಸೊಬ್ಬರು ಬೇಕಾಗಿದ್ದರು. ನಾಗರ ಪಂಚಮಿ ಮುಗಿದ ಮರುವಾರ ತುಕ್ಕಾನಟ್ಟಿಗೆ, ನನ್ನ ಅಕ್ಕನ ಮನೆಗೆ ಹೋದೆ. ಅಕ್ಕ ಶೇಂಗಾ ಉಂಡಿ ಕೊಟ್ಟು, ಕನ್ನಡಕ ಒರೆಸಿಕೊಂಡು ಕುಳಿತಳು. ಸರಸರ ಓದಿದವಳು ಒಂದು ಸಾಲಿಗೆ ನಿಂತುಬಿಟ್ಟಳು: 'ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ದ.' ಬೆರಳು ಗುಂಡಿಯ ಮೇಲಿತ್ತು, ಒತ್ತಲಿಲ್ಲ. ಇಡೀ ಕಥೆಯಲ್ಲಿ ಅದೇ ತೀರಾ ಸರಳವಾದ ಸಾಲು.

"ಯಾಕಕ್ಕಾ, ತಿಳೀಲಿಲ್ಲೇನು?"

"ತಿಳದೈತಿ. ಇದನ್ನ ಬರದಾಂವ ಯಾರು?"

"ನಾನ."

"ಅವ್ವ ಹೋದ ಮ್ಯಾಲ ಐದು ಪಂಚಮಿ ಆದುವು ತಮ್ಮಾ. ವರ್ಷಾ ವರ್ಷಾ ಚೀಲಾ ತುಂಬಿ ಇಡತೇನಿ. ಈ ಸಲಾ ಸೊಸಿ ಕೇಳಿದ್ಲು, ಯಾರ ಬರತಾರ ಅತ್ತಿ, ಅಂತ."

ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಐದು ವರ್ಷವೂ ಕಾಲೇಜು, ಸಂಶೋಧನೆ ಎಂದು ಹಬ್ಬವನ್ನು ಫೋನಿನಲ್ಲೇ ಮುಗಿಸಿದ್ದೆ. ಕಚ್ಚಿದ ಉಂಡಿಯನ್ನು ತಟ್ಟೆಯಲ್ಲಿಟ್ಟೆ. "ಈಗರ ನಡಿ ಅಕ್ಕಾ" ಎಂದೆ.

"ಹಬ್ಬ ಮುಗದೈತಲ್ಲೋ. ಈಗ ಚೀಲಾ ಹಿಡಕೊಂಡು ಹೊಂಟ್ರ, ತವರಿನ್ಯಾಗ ಯಾರು ಸತ್ರು ಅಂತ ಕೇಳತಾರ ಮಂದಿ" ಎಂದು ಅಕ್ಕ ಗುಂಡಿ ಒತ್ತಿದಳು.

ಗೋಕಾಕಕ್ಕೆ ಮರಳಿ ಫಲಿತಾಂಶ ತೆರೆದೆ. ಆ ಸಾಲು ಅಕ್ಕನಿಗೆ ಅರ್ಥವಾಗಿಲ್ಲ ಎಂದಿತ್ತು. ಪ್ರೋಗ್ರಾಮಿನಲ್ಲೇ ಏನೋ ತಪ್ಪಿರಬೇಕೆಂದು ನಾನೇ ಕುಳಿತು ಓದಿ ಪರೀಕ್ಷಿಸಿದೆ. ಆ ಸಾಲು ಬಂದಾಗ ಅದರ ಮುಂದೆ ಕೂರಲಾಗದೆ ತಟ್ಟನೆ ಗುಂಡಿ ಒತ್ತಿಬಿಟ್ಟೆ. ನನಗೆ ಪೂರ್ತಿ ಅರ್ಥವಾಗಿದೆ ಎಂದು ಬಂತು.