ನಾಲ್ಕನೇ ಚಹಾ ಕುಡಿದವರು ಯಾರು?

ನನಗೊಬ್ಬ ಗೆಳೆಯನಿದ್ದಾನೆ. ಜೀವಮಾನದಲ್ಲಿ ಎಲ್ಲಿಗೂ ಹೋದವನಲ್ಲ. ಆದರೆ ಅವನು ನೋಡದ ಊರಿಲ್ಲ! ನಾವು ಹೋಗಿ ಬಂದ ಊರುಗಳನ್ನೆಲ್ಲ ಅವನು ನಮಗಿಂತ ಚೆನ್ನಾಗಿ ನೋಡಿದ್ದಾನೆ. ಹೇಗೆ ಅಂತೀರಾ? ರವಿವಾರ ಪೇಟೆಯ ತನ್ನ ಬೆಲ್ಲದ ಅಂಗಡಿಯ ಗಾದಿಯ ಮೇಲೆ ಕುಳಿತೇ! ಇದನ್ನು ಸುಳ್ಳು ಎನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ಸುಳ್ಳು ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳು ಎಂಬುದಾದರೂ ಗೊತ್ತಿರುತ್ತದೆ!

ಎಲ್ಲದಕ್ಕೂ ಮೂಲ ಕಣಕುಂಬಿ. ಕಾಲೇಜು ಮುಗಿದ ವರ್ಷ ನಾವು ನಾಲ್ವರು ಗೆಳೆಯರು ಎರಡು ಮೋಟರ್‌ಸೈಕಲ್ ಹೊಂದಿಸಿಕೊಂಡು, ಖಾನಾಪುರದ ಆಚೆಯ ಆ ಕಾಡಿನ ಊರಿಗೆ ನದಿ ಹುಟ್ಟುವ ಜಾಗ ನೋಡಲು ಹೊರಟೆವು. ಬೆಳಿಗ್ಗೆ ಪೇಟೆಗೆ ಹೋದರೆ ಇವನು ರೇನ್‌ಕೋಟ್ ತೊಟ್ಟು, ತಲೆಗೆ ಟೊಪ್ಪಿಗೆ ಇಟ್ಟು, ಗೋವೆಯನ್ನು ಗೆದ್ದೇ ಬರುವವನ ಹಾಗೆ ನಿಂತಿದ್ದ. ಅಷ್ಟರಲ್ಲಿ ಬೆಲ್ಲದ ಲಾರಿ ಬಂತು! ಅವನಪ್ಪನಿಗೆ ಸೊಂಟ ಹಿಡಿದಿತ್ತು.

"ನೀ ಹೋದ್ರ ಮಾಲ್ ಇಳಸವರ್ಯಾರು?" ಎಂದರು ಅಪ್ಪ.

ಮುಗಿಯಿತು ಪ್ರವಾಸ! ಅವನ ಅವ್ವ ನಾಲ್ವರಿಗೆಂದು ಕಟ್ಟಿದ್ದ ರೊಟ್ಟಿಯ ಬುತ್ತಿ ನಮ್ಮ ಜೊತೆ ಬಂತು, ಅವನು ಬರಲಿಲ್ಲ. ರೇನ್‌ಕೋಟ್ ತೆಗೆಯದೆಯೇ ಬೆಲ್ಲ ಇಳಿಸುತ್ತ ನಮಗೆ ಕೈ ಬೀಸಿದ.

ಶಂಕರ, ಮಾರುತಿ ಇಬ್ಬರೂ ಒಂದು ಗಾಡಿಯ ಮೇಲೆ. ನಾನೊಬ್ಬನೇ ಇನ್ನೊಂದರ ಮೇಲೆ, ಹಿಂದಿನ ಸೀಟು ಖಾಲಿ. ಜಾಂಬೋಟಿಯಲ್ಲಿ ಚಹಾದಂಗಡಿಯ ಆಯಿ, ಎಷ್ಟು ಚಹಾ ಎಂದು ಮರಾಠಿಯಲ್ಲಿ, "ಕಿತೀ?" ಎಂದು ಕೇಳಿದಳು. ಮಾರುತಿ ರೂಢಿಯ ಮೇಲೆ "ಚಾರ್" ಅಂದುಬಿಟ್ಟ. ನಾಲ್ಕು ಕಪ್ಪು ಬಂದವು. ನಾಲ್ಕನೆಯದನ್ನು ಶಂಕರ ಕುಡಿದ. ಈ ಸಂಗತಿಯನ್ನು ದಯವಿಟ್ಟು ಮರೆಯಬೇಡಿ. ಶಂಕರ ಇವತ್ತಿಗೂ ಮರೆತಿಲ್ಲ!

ಮುಂದೆ ಏನಾಯಿತು? ಏನೂ ಆಗಲಿಲ್ಲ. ಗಾಡಿ ಪಂಕ್ಚರ್ ಆಯಿತು. ಮಾರುತಿಯ ಚಪ್ಪಲಿ ಹಳ್ಳದ ನೀರಿನೊಂದಿಗೆ ಹರಿದುಹೋಯಿತು. ಶಂಕರನ ಕಾಲಿಗೆ ಜಿಗಣೆ ಹತ್ತಿತು. ಅವನು ಕೂಗಿದ ಕೂಗಿಗೆ ದನ ಕಾಯುವವರು ಹುಲಿ ಬಂತೆಂದು ಓಡಿಬಂದರು. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಸಂಜೆ ತೊಯ್ದ ಬಟ್ಟೆಯಲ್ಲೇ ನೇರವಾಗಿ ಇವನ ಅಂಗಡಿಗೆ ಬಂದು, ಚೀಲಗಳ ಮೇಲೆ ಕುಳಿತು, ಮೂವರೂ ಒಟ್ಟಿಗೇ ಬಾಯಿ ಹಾಕಿ ಎಲ್ಲವನ್ನೂ ಹೇಳಿದೆವು.

"ಹರದ್ಹೋದ ಚಪ್ಲಿ ಎಡಗಾಲಿಂದೋ, ಬಲಗಾಲಿಂದೋ?" ಎಂದು ಇವನು ಕೇಳಿದ.

ಆಗಲೇ ನಮಗೆ ಅನುಮಾನ ಬರಬೇಕಿತ್ತು! ಒಂದು ವರ್ಷ ಕಳೆಯುವುದರೊಳಗೆ ಇವನೂ ಕಣಕುಂಬಿಗೆ ಹೋಗಿಬಂದಿದ್ದ. ಇನ್ನೊಂದು ವರ್ಷಕ್ಕೆ ಜಿಗಣೆ ಶಂಕರನ ಕಾಲು ಬಿಟ್ಟು ಇವನ ಕಾಲಿಗೆ ಹತ್ತಿತ್ತು. ಗಿರಾಕಿಗಳಿಗೆ ಧೋತರ ಮೇಲೆತ್ತಿ ಕಲೆ ತೋರಿಸುತ್ತಿದ್ದ. ಅದು ಲಾರಿಯ ಕೊಂಡಿ ತರಚಿದ ಕಲೆ ಎಂದು ಇಡೀ ಪೇಟೆಗೆ ಗೊತ್ತು.

ನನ್ನ ಮದುವೆಯ ಕಥೆ ಕೇಳಿ. ಧಾರವಾಡದಲ್ಲಿ ಆಯಿತು. ಆವತ್ತೂ ಲಾರಿ ಬಂದು ಇವನು ಬರಲಿಲ್ಲ. ಆದರೆ ಅಕ್ಷತೆಯ ಕಾಳು ನನ್ನ ಕಣ್ಣಿಗೆ ಬಿದ್ದಾಗ ಬಾಜೂಕ ನಿಂತು ಉಫ್ ಎಂದು ಊದಿದವನು ಇವನೇ ಅಂತೆ! ಊದಿದ್ದು ನನ್ನ ಸೋದರಮಾವ. ಹೆಂಡತಿಗೆ ಹೇಳಿದರೆ ಅವಳು ನಂಬಬೇಕಲ್ಲ?

"ಆವತ್ತ ನಿಮಗ ಬಾಸಿಂಗ ಬಿಟ್ರ ಏನ್ ಕಾಣಸ್ತಿತ್ರೀ? ಅವರು ಹೇಳೂದ ಖರೇ ಇರಬೇಕು," ಎಂದಳು. ಈಗ ಆಲ್ಬಮ್ ತೆಗೆದಾಗಲೆಲ್ಲ ಇವನನ್ನು ಹುಡುಕುತ್ತಾಳೆ.

ನಾನೇನೋ ಸುಮ್ಮನಾದೆ. ಶಂಕರ ಸುಮ್ಮನಿರುವ ಪೈಕಿ ಅಲ್ಲ, ಅವನು ವಕೀಲ. ಅದರಲ್ಲೂ ನಾಲ್ಕನೇ ಚಹಾವನ್ನು ಇವನು ತನ್ನದು ಮಾಡಿಕೊಂಡಾಗ, ಹಿರಿಯರ ಹೊಲ ಒತ್ತುವರಿಯಾದಂತೆ ಸಿಟ್ಟಾದ.

"ಲೇ, ಎರಡ್ ಕಪ್ ಕುಡದಾವ ನಾ! ನೀ ಯಾವ ಗಾಡಿ ಮ್ಯಾಲ ಬಂದಿದ್ದೀ, ಹೇಳ್ ನೋಡೂಣು?"

"ಇವನ ಹಿಂದ ಕುಂತಿದ್ನಲ್ಲೋ. ಆ ಸೀಟ್ ಖಾಲಿ ಇತ್ತಿಲ್ಲೋ?" ಎಂದ ನನ್ನನ್ನು ತೋರಿಸಿ.

ಈ ವಾದಕ್ಕೆ ಯಾವ ಕೋರ್ಟಿನಲ್ಲಿ ಉತ್ತರವಿದೆ ಹೇಳಿ! "ಒಂದಿಲ್ಲೊಂದ್ ದಿವಸ ನಾಲ್ಕ್ ಮಂದಿ ಮುಂದ ನಿನ್ನ ಬಣ್ಣಾ ಬಯಲ ಮಾಡ್ತೀನಿ," ಎಂದು ಶಂಕರ ಶಪಥ ಮಾಡಿದ.

ಆ ದಿವಸ ಮೊನ್ನೆ ಬಂತು. ಶಿವಬಸವ ನಗರದಲ್ಲಿ ಇವನ ಮಗಳ ನಿಶ್ಚಿತಾರ್ಥ. ಬೀಗರು ಖಾನಾಪುರದವರು, ಕಣಕುಂಬಿಯ ಕಾಡೆಲ್ಲ ತಿರುಗಿದ ಹಿರಿಯರು. ಸಿಕ್ಕಿತಲ್ಲ ಇವನಿಗೆ ಅವಕಾಶ! ಚಪ್ಪಲಿ, ಜಿಗಣೆ, ಆಯಿಯ ಚಹಾ, ಎಲ್ಲವನ್ನೂ ಬಡಿಸಿದ. ಬೀಗರು ನಗುತ್ತಲೇ ಕೇಳಿದರು.

"ನಮ್ಮ ಬೀಗರು ಅಂಗಡಿ ಬಿಟ್ಟು ಎಲ್ಲೂ ಹೋದವರಲ್ಲಂತ ಪ್ಯಾಟ್ಯಾಗ ಮಂದಿ ಅಂತಾರಲ್ರೀ?" ಎಂದು ಶಂಕರನ ಕಡೆ ತಿರುಗಿದರು. "ವಕೀಲರ, ನೀವ ಹೇಳ್ರಿ. ಇವರು ಖರೇನ ಬಂದಿದ್ರ?"

ಮಂದಿಯೆಲ್ಲ ಶಂಕರನನ್ನೇ ನೋಡಿದರು. ಮಗಳೂ ನೋಡಿದಳು. ಇವನು ಮಾತ್ರ ತಲೆ ತಗ್ಗಿಸಿ ಧೋತರದ ಅಂಚನ್ನು ಸರಿಮಾಡತೊಡಗಿದ. ಸುಳ್ಳು ಎಂಬುದು ಅವನಿಗೂ ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಆಗಲೇ. ಕಣಕುಂಬಿ ಎಂದರೆ ನನಗೂ ಮೊದಲು ನೆನಪಾಗುವುದು ಹಳ್ಳವೂ ಅಲ್ಲ, ಕಾಡೂ ಅಲ್ಲ. ಆ ಸಂಜೆಯ ಬೆಲ್ಲದ ವಾಸನೆ, ಚೀಲದ ಮೇಲೆ ಉರುಳಾಡಿ ನಗುತ್ತಿದ್ದ ಇವನು. ನಮ್ಮೆಲ್ಲರಿಗಿಂತ ಹೆಚ್ಚು ನಕ್ಕವನು ಇವನೇ. ಇವನಿಗೆ ಹೇಳದೆ ಇದ್ದಿದ್ದರೆ ಅದೆಲ್ಲ ನಮಗಾದರೂ ನೆನಪಿರುತ್ತಿತ್ತೇ?

ಶಂಕರ ಉಪ್ಪಿಟ್ಟಿನ ತಾಟನ್ನು ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ.

"ಬಂದಿದ್ನ್ರೀ," ಎಂದ ನನ್ನ ಕಡೆ ಬೆರಳು ಮಾಡಿ. "ಇವನ ಗಾಡಿ ಹಿಂದ ಕುಂತಿದ್ದ." ಆಮೇಲೆ ಆಸ್ತಿ ಬಿಟ್ಟುಕೊಡುವವನ ದನಿಯಲ್ಲಿ ಹೇಳಿದ, "ಆಯಿ ಅಂಗಡ್ಯಾಗ ನಾಲ್ಕ್ ಚಹಾ ಹೇಳಿದ್ವಿ. ನಾಲ್ಕನೇದ ಇವನ ಕುಡದಾನ್ರೀ."

ಬೀಗರು ಜೋರಾಗಿ ನಕ್ಕರು. ಮಾತಿನಮಲ್ಲನಾದ ನನ್ನ ಗೆಳೆಯ ಸುಮ್ಮನೆ ಎದ್ದು ಒಳಗೆ ಹೋದ. ತಾನೇ ಚಹಾ ತಂದು ಶಂಕರನ ಮುಂದೆ ಇಟ್ಟ, ಎರಡು ಕಪ್ಪು.