ಬಾಗಿಲಿನ ಮೂವತ್ತೊಂಬತ್ತನೆಯ ಪರೀಕ್ಷೆ

"ಇನ್ನು ಲೋಕದ ಬಾಗಿಲುಗಳೆಲ್ಲ ಪಿಸುಗುಟ್ಟುತ್ತಾ ಮುಚ್ಚಿಕೊಳ್ತವೆ!" ಎಂದು ಮೆಕ್ಯಾನಿಕ್ ಊಟದ ಮಧ್ಯೆ ಎದ್ದು ನಿಂತು ಘೋಷಿಸಿದ.

"ಬಾಯಲ್ಲಿರೋದನ್ನ ಮೊದಲು ನುಂಗಿ" ಎಂದಳು ಹೆಂಡತಿ.

ಹೆಂಡತಿಯ ಅಣ್ಣನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ನಟ್ಟು ಬಿಗಿದು ಅವನಿಗೆ ಸಾಕಾಗಿತ್ತು. ಬಾಗಿಲು ತಾನಾಗಿ ಮೆಲ್ಲಗೆ ಮುಚ್ಚುವ ಸಾಧನ ಮಾಡಲು ಒಂದು ತಿಂಗಳು ರಜೆ ಕೇಳಿದಾಗ ಭಾವ ನಕ್ಕಿದ್ದ. "ಮಾಡಪ್ಪಾ, ಮಾಡು. ಹಾರ್ಡ್‌ವೇರ್ ಅಂಗಡಿ ಯಜಮಾನರು ಒಪ್ಪಿದ್ರೆ ನಿನ್ನ ದಾರಿ ನಿಂಗೆ. ಇಲ್ದಿದ್ರೆ ರಜೆ ಮುಗಿದ ಸೋಮವಾರ ಎಂಟಕ್ಕೆ ಬಂದು ಲಾರಿ ಕೆಳಗೆ ಮಲಗು."

ನಮೂನೆ ಸಿದ್ಧವಾಯಿತು: ಒಂದು ಸ್ಪ್ರಿಂಗು, ಎಣ್ಣೆ ತುಂಬಿದ ಒಂದು ಸಿರಿಂಜು, ಬಾಗಿಲಿನ ವೇಗ ತಗ್ಗಿಸಲು ಒಂದು ತಿರುಪು. ಅದನ್ನು ಹಾಲ್‌ನ ಬಾಗಿಲಿನ ನೆತ್ತಿಗೆ ಕೂರಿಸಿ, ಪಕ್ಕದ ಗೋಡೆಗೆ ರಾಜಶಾಸನದಂತೆ ಒಂದು ಹಾಳೆ ಅಂಟಿಸಿದ: ‘ಒಂದು ಪರೀಕ್ಷೆಗೆ ಒಂದೇ ಬದಲಾವಣೆ.’

ಮೊದಲ ಪರೀಕ್ಷೆ. ನಾಲ್ಕು ಸೆಕೆಂಡ್, ದಢಾರ್! ತಿರುಪನ್ನು ಅರ್ಧ ಸುತ್ತು ಬಿಗಿದ. ಸಂಜೆಯ ಹೊತ್ತಿಗೆ ಬಾಗಿಲು ನಿಧಾನವಾಗಬೇಕಿತ್ತು. ಎರಡೇ ಸೆಕೆಂಡಿಗೆ ಬಡಿದು ಮನೆಯ ಪಾತ್ರೆಗಳೆಲ್ಲ ಗಲಗಲ ಎಂದವು. ಮರುದಿನ ಸಡಿಲಿಸಿದ. ಹನ್ನೊಂದು ಸೆಕೆಂಡ್! ಇನ್ನೊಂದು ದಿನ ಬಾಗಿಲು ಅರ್ಧ ದಾರಿಗೆ ಬಂದು, ಒಳಗೆ ಏನೋ ಮರೆತವರಂತೆ ನಿಂತೇಬಿಟ್ಟಿತು. ಅವನು ನೋಟ್‌ಬುಕ್ಕಿನಲ್ಲಿ ‘ಯೋಚಿಸುತ್ತಿದೆ’ ಎಂದು ಬರೆದುಕೊಂಡ. ಇಪ್ಪತ್ತನೆಯ ಪರೀಕ್ಷೆಗೆ ಗಡಿಯಾರದ ಮೇಲೆ ನಂಬಿಕೆ ಹೋಯಿತು, ಮೂವತ್ತಕ್ಕೆ ತನ್ನ ಮೇಲೆಯೇ.

"ಬಿಗಿದ್ರೆ ಓಡುತ್ತೆ, ಸಡಿಲಿಸಿದ್ರೆ ನಿಲ್ಲುತ್ತೆ! ಇವತ್ತು ನಾನು ಮುಟ್ಟೇ ಇಲ್ಲ ಕಣೇ, ಆದ್ರೂ ನಿನ್ನೆ ಥರ ಇಲ್ಲ!"

"ಅದಕ್ಕೂ ಮೂಡ್ ಅಂತ ಇರುತ್ತೇನೋ ರೀ" ಎಂದು ಹೆಂಡತಿ ಸರ್ರನೆ ಅಡುಗೆಮನೆಗೆ, ಅಲ್ಲಿದ್ದ ತನ್ನ ತಾಯಿಯ ಬಳಿಗೆ ನಡೆದಳು.

ಶನಿವಾರ ಬೆಳಗ್ಗೆ ಪೇಟೆಗೆ ಹೊರಟವನು ಚೀಟಿ ಮರೆತು ಅರ್ಧ ದಾರಿಯಿಂದ ವಾಪಸ್ ಬಂದ. ಹೊಲಿಗೆ ಯಂತ್ರದ ಎಣ್ಣೆಡಬ್ಬಿ ಹಿಡಿದು ಹೆಂಡತಿ ಸ್ಟೂಲಿನಿಂದ ಇಳಿದಿದ್ದಳು. ಮೇಲೆ ಅತ್ತೆ, ಕೈಯಲ್ಲಿ ಸ್ಕ್ರೂಡ್ರೈವರ್!

"ಏನಿದು ಅನ್ಯಾಯ!"

"ನೀವೇ ಬರೆದಿದೀರಲ್ಲ, ಒಂದೇ ಬದಲಾವಣೆ ಅಂತ. ದಿನಾ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದು ಬಿಟ್ರೆ ನಾನು ಎರಡನೇದು ಮಾಡಿದ್ರೆ ಕೇಳಿ!"

"ನಾನೂ ಅಷ್ಟೇ ಅಳಿಯಂದಿರೇ. ತಿರುಪು ಬಿಟ್ಟು ಬೇರೇನೂ ಮುಟ್ಟಿಲ್ಲ" ಎಂದು ಅತ್ತೆ ಮೆಲ್ಲಗೆ ಇಳಿದರು.

"ಯಾಕೆ ಅತ್ತೆ, ಯಾಕೆ?"

"ಮತ್ತೆ ಲಾರಿ ಕೆಳಗೆ ಮಲಗ್ತೀರಲ್ಲ ಅಂತ ಕರುಳು ಚುರುಕ್ ಅಂತು."

ರೇಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಒಂದು ಪರೀಕ್ಷೆಗೆ ಮೂವರ ಮೂರು ಬದಲಾವಣೆ! ಮೂವತ್ತೆಂಟು ಪರೀಕ್ಷೆಗಳೂ ಮಣ್ಣುಪಾಲು! "ನಾಳೆ ಅಂಗಡಿ ಯಜಮಾನರು ಬರೋವರೆಗೆ ಯಾರೂ ಅದರ ಹತ್ರ ಸುಳೀಬಾರದು! ನಾನೂ ಸುಳಿಯಲ್ಲ!" ಎಂದು ಕೂತುಬಿಟ್ಟ.

ಭಾನುವಾರ ಯಜಮಾನರು ಬಂದರು. ತಮಾಷೆ ನೋಡಲು ಭಾವನೂ ಬಂದ. ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡು ಬಾಗಿಲು ಬಿಟ್ಟ. ಅದು ಬಂತು, ನಿಧಾನಿಸಿತು, ಮಗುವನ್ನು ಮಲಗಿಸಿ ಬರುವ ತಾಯಿಯಂತೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಹತ್ತು ಸಲವೂ ಹಾಗೆಯೇ! ಭಾವನ ನಗು ಅರ್ಧಕ್ಕೇ ನಿಂತಿತು.

"ಭೇಷ್! ಇಂಥವು ಹತ್ತು ಬೇಕು. ತಿರುಪು ಎಷ್ಟು ಸುತ್ತು, ಎಣ್ಣೆ ಎಷ್ಟು?" ಎಂದರು ಯಜಮಾನರು.

ಮೆಕ್ಯಾನಿಕ್ ನೋಟ್‌ಬುಕ್ ತೆರೆದ. ತಿರುವಿದ. ಬೆವರು ಒರೆಸಿಕೊಂಡ. ಎದುರಿಗೆ ಸಾಕ್ಷಾತ್ ಗೆಲುವು ನಿಂತಿದೆ, ಅದು ಹೇಗೆ ಬಂತೆಂದು ಅವನಿಗೇ ಗೊತ್ತಿಲ್ಲ!

ಅತ್ತೆ ಗೋಡೆಯ ಕ್ಯಾಲೆಂಡರ್ ಇಳಿಸಿ, ಹಿಂಬದಿ ತಿರುಗಿಸಿ ಯಜಮಾನರಿಗೆ ಕೊಟ್ಟರು. ಹಾಳೆಯ ತುಂಬ ಅತ್ತೆಯ ಮುತ್ತಿನಂಥ ಅಕ್ಷರ. ಯಜಮಾನರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"‘ಮಂಗಳವಾರ. ಮಗಳು ಎಣ್ಣೆ ಮೂರು ತೊಟ್ಟು, ನಾನು ತಿರುಪು ಮುಕ್ಕಾಲು ಸುತ್ತು. ಎಂಟು ಸೆಕೆಂಡ್. ಚೆನ್ನಾಗಿದೆ. ಅಳಿಯಂದಿರು ಬಂದು ಬಿಗಿದರು. ಕೆಟ್ಟಿತು.’ ‘ಬುಧವಾರ. ನಾವು ಸರಿಮಾಡಿದೆವು. ಅಳಿಯಂದಿರು ಬಂದು ಸಡಿಲಿಸಿದರು. ಕೆಟ್ಟಿತು.’ ‘ಶನಿವಾರ. ಮತ್ತೆ ಸರಿಮಾಡಿದೆವು. ಅಳಿಯಂದಿರು ಕೋಪ ಮಾಡಿಕೊಂಡು ಮುಟ್ಟಲಿಲ್ಲ.’"

ಯಜಮಾನರು ಕನ್ನಡಕ ತೆಗೆದರು. "ಹತ್ತಲ್ಲ ತಾಯಿ, ನೂರು ಮಾಡ್ಕೊಡಿ" ಎಂದು ಅತ್ತೆಗೆ ಕೈಮುಗಿದು, ಭಾವನ ಕಡೆ ತಿರುಗಿದರು. "ಒಂದು ಉಪಕಾರ ಮಾಡ್ಬೇಕಲ್ಲ. ಆ ನೂರೂ ಮುಗಿಯೋವರೆಗೆ ಈ ಅಳಿಯಂದಿರನ್ನ ನಿಮ್ಮ ಗ್ಯಾರೇಜಲ್ಲೇ ಇಟ್ಕೊಂಡಿರಿ."