ಅತಿಥಿ ಮಹಾಶಯರ ಆರಿದ ಚಹಾ

ಸಂಬಳ ಬರುವ ಕೆಲಸಕ್ಕೆ ಅದೃಷ್ಟ ಇದ್ದರೆ ಸಾಕು. ಸಂಬಳವೇ ಇಲ್ಲದ ಕೆಲಸ ಸಿಗಬೇಕಾದರೆ ಮಾತ್ರ ದೊಡ್ಡವರ ಶಿಫಾರಸು ಬೇಕು. ಇದು ನಮ್ಮ ಕಿಸುಮು ಊರಿನ ನ್ಯಾಯ. ನನ್ನ ಮಗಳು ನೆಲಿಮಾ ಕಾಲೇಜಿನಲ್ಲಿ ಹೋಟೆಲು ಮತ್ತು ಪ್ರವಾಸೋದ್ಯಮದ ವಿದ್ಯೆ ಕಲಿಯುತ್ತಿದ್ದಾಳೆ. ಯಾವುದಾದರೂ ಒಳ್ಳೆಯ ಹೋಟೆಲಿನಲ್ಲಿ ಮೂರು ತಿಂಗಳು ಪುಕ್ಕಟೆ ದುಡಿದು ಬಂದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರಂತೆ, ಇಲ್ಲದಿದ್ದರೆ ಒಂದು ವರ್ಷ ಖೋತಾ. ಈ ಬಿಟ್ಟಿ ಚಾಕರಿಗೆ ಇಲ್ಲಿ ‘ಅಟ್ಯಾಚ್‌ಮೆಂಟ್’ ಎಂಬ ಘನವಾದ ಹೆಸರಿದೆ. ಮಗಳು ಊರಂಚಿನ ಸರೋವರದ ದಡದ ಹೋಟೆಲುಗಳಿಗೆಲ್ಲ ಅಲೆದು ಚಪ್ಪಲಿ ಸವೆಸಿದ್ದಳು. ಎಲ್ಲ ಕಡೆ ಅದೇ ನಗುಮುಖ, ಅದೇ ಉತ್ತರ: ಜಾಗ ಖಾಲಿ ಇಲ್ಲ. (ಪುಕ್ಕಟೆ ದುಡಿಯುವವರಿಗೂ ಜಾಗ ಖಾಲಿ ಇಲ್ಲವೆಂದರೆ ದೇಶ ಎಷ್ಟು ಮುಂದುವರಿದಿರಬೇಕು ನೋಡಿ.)

ಮಗಳು ಸೋತು ಕೂತಿದ್ದನ್ನು ಕಂಡು ನನ್ನ ಪಿತೃಹೃದಯ ಕುದಿಯಿತು. ನಾನು ನೀರು ಸರಬರಾಜು ಕಚೇರಿಯ ಗುಮಾಸ್ತ ಸಿತುಮಾ. ಹಾಗೆಂದು ಹೋಟೆಲಿನ ವಿಷಯದಲ್ಲಿ ನನ್ನನ್ನು ಯಾರೂ ಹಗುರವಾಗಿ ಕಾಣಬಾರದು. ಇಲಾಖೆಯ ಸಭೆಗೆಂದು ಒಮ್ಮೆ ರಾಜಧಾನಿ ನೈರೋಬಿಯ ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ಮಲಗಿ ಎದ್ದವನು ನಾನು. ಅಲ್ಲಿಂದ ತಂದ ಪುಟ್ಟ ಸೋಪುಗಳು ಇವತ್ತಿಗೂ ನಮ್ಮ ಗಾಜಿನ ಬೀರುವಿನಲ್ಲಿ ವಿರಾಜಮಾನವಾಗಿವೆ. ಕ್ರಿಸ್‌ಮಸ್ಸಿಗೂ ಯಾರನ್ನೂ ಮುಟ್ಟಲು ಬಿಟ್ಟಿಲ್ಲ.

“ಇವತ್ತಿನಿಂದ ಈ ಮನೆ ಒಂದು ಹೋಟೆಲು,” ಎಂದು ಘೋಷಿಸಿದೆ. “ನೆಲಿಮಾ ಇಲ್ಲಿ ಅಭ್ಯಾಸ ಮಾಡ್ತಾಳೆ. ನಾನು ಅತಿಥಿ.”

ಹೆಂಡತಿ ನಂಜಾಲಾ ಒಲೆಯ ಮೇಲೆ ಮುಸುಕಿನ ಜೋಳದ ಮುದ್ದೆ ಉಗಾಲಿ ತೊಳಸುತ್ತಿದ್ದವಳು ತಲೆ ಎತ್ತಲಿಲ್ಲ. “ಅದ್ರಲ್ಲಿ ಹೊಸದೇನಿದೆ, ನೆಲಿಮಾ ಅಪ್ಪ? ಮದ್ವೆಯಾದಾಗಿಂದ ನೀವು ಅತಿಥೀನೇ ಅಲ್ವಾ? ನಾನು ಬಿಲ್ಲು ಕೊಟ್ಟಿಲ್ಲ ಅಷ್ಟೆ.”

ಇಂಥ ಕೊಂಕಿಗೆಲ್ಲ ಕಿವಿಗೊಟ್ಟರೆ ಮಕ್ಕಳ ಭವಿಷ್ಯ ಉದ್ಧಾರವಾಗುತ್ತದೆಯೇ? ತರಬೇತಿ ಆರಂಭವಾಯಿತು. ಒಳ್ಳೆಯ ಅತಿಥಿಯನ್ನು ಯಾರು ಬೇಕಾದರೂ ಸಂಭಾಳಿಸುತ್ತಾರೆ, ವಿದ್ಯೆ ಇರುವುದು ಕಿರಿಕಿರಿ ಅತಿಥಿಯನ್ನು ಸಂಭಾಳಿಸುವುದರಲ್ಲಿ ಎಂಬುದು ನನ್ನ ಸಿದ್ಧಾಂತ. ಕಿರಿಕಿರಿಯಲ್ಲಿ ನನಗೆ ಹುಟ್ಟಾ ಪ್ರತಿಭೆ ಇದೆಯೆಂದು ಅತ್ತೆಮನೆಯವರು ಮೊದಲೇ ಹೇಳಿದ್ದರು. ಕೆಸರಿನ ಬೂಟುಗಳನ್ನು ಒಂದನ್ನು ಹಾಸಿಗೆಯ ಕೆಳಗೆ, ಇನ್ನೊಂದನ್ನು ಕಿಟಕಿಯ ಮೇಲೆ ಇಡುತ್ತಿದ್ದೆ. ಮಡಿಸಿಟ್ಟ ಹೊದಿಕೆಯನ್ನು ಕೆದರಿ ಮತ್ತೆ ಮಡಿಸಲು ಹೇಳುತ್ತಿದ್ದೆ. ಚಹಾ ಬಂದೊಡನೆ ಒಂದು ಗುಟುಕು ಹೀರಿ, ಹುಬ್ಬು ಗಂಟಿಕ್ಕಿ, “ಇದು ಆರಿದೆ! ಮ್ಯಾನೇಜರನ್ನ ಕರಿ!” ಎನ್ನುತ್ತಿದ್ದೆ.

“ಕ್ಷಮಿಸಿ ಸರ್, ಈಗ್ಲೇ ಬದಲಾಯಿಸ್ತೀನಿ,” ಎನ್ನುತ್ತಿದ್ದಳು ಮಗಳು. ಆಮೇಲೆ ಮೆಲ್ಲಗೆ, “ಅಪ್ಪಾ, ನಿನ್ನ ನಾಲಿಗೆ ಸುಟ್ಟು ಕೆಂಪಾಗಿದೆ.”

ಮ್ಯಾನೇಜರು ಮಾತ್ರ ಕರೆಯದೆಯೇ ಬರುತ್ತಿದ್ದರು, ಕೈಯಲ್ಲಿ ಉಗಾಲಿಯ ಸೌಟು ಹಿಡಿದುಕೊಂಡು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಯಾರೊಂದಿಗೋ ಫೋನಿನಲ್ಲಿ ಪಿಸುಪಿಸು ಮಾತಾಡಿ ಬಂದಳು. “ನೆಲಿಮಾ, ಹೊಸದಾಗಿ ಆಗಿದೆಯಲ್ಲ ಆ ಸರೋವರದ ಹೋಟೆಲು, ಗುರುವಾರ ಅಲ್ಲಿಗೆ ಹೋಗು. ಒಂದು ಹೊತ್ತು ಕೆಲಸ ಮಾಡ್ಸಿ ನೋಡ್ತಾರಂತೆ. ಹಿಡಿಸಿದ್ರೆ ಜಾಗ ನಿಂದೇ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಆ ಕಡೆ ತಲೆ ಹಾಕ್ಬೇಡಿ.”

“ಯಾಕೆ? ಅಲ್ಲಿ ಯಾರಿದಾರೆ?”

“ನಮ್ಮ ಕಡೆಯವ್ರು. ಹೆಸರು ಹೇಳಿದ್ರೆ ನೀವು ಊರಿಗೆಲ್ಲ ಟಾಂ ಟಾಂ ಮಾಡ್ತೀರ, ನಾಳೆ ನಿಮ್ಮ ಕಚೇರಿಯವ್ರ ಮಕ್ಕಳೆಲ್ಲ ಅಲ್ಲಿ ಸಾಲು ನಿಲ್ತಾರೆ.”

ನೋಡಿದಿರಾ? ನಾಲಿಗೆ ಸುಟ್ಟುಕೊಂಡು ಕಲಿಸಿದವನು ನಾನು, ಹೆಸರು ಅವರ ಕಡೆಯವರಿಗೆ! ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ನನಗೆ ಬಹಳ ಬೇಸರವಾಯಿತು. ಬೇಸರದಲ್ಲೇ ಒಂದು ಅಮೋಘ ಉಪಾಯವೂ ಹೊಳೆಯಿತು. ಗುರುವಾರ ನಾನೇ ಅಲ್ಲಿ ಅತಿಥಿಯಾಗಿ ಕೂತು ಕಿರಿಕಿರಿ ಮಾಡುವುದು, ಮಗಳು ಅದನ್ನು ಲೀಲಾಜಾಲವಾಗಿ ನಿಭಾಯಿಸುವುದು, ಮ್ಯಾನೇಜರು ಕಣ್ಣಾರೆ ಕಂಡು ಬೆರಗಾಗುವುದು.

ಗುರುವಾರ ಮದುವೆಯ ಕೋಟು ತೊಟ್ಟು, ಹೊಟ್ಟೆಯನ್ನು ಅದರೊಳಗೆ ತುರುಕಿ, ಹೋಟೆಲಿನ ಊಟದ ಕೋಣೆಯ ಅಂಚಿನ ಮೇಜಿಗೆ ಹೋಗಿ ಕೂತೆ. ಬಿಳಿ ಏಪ್ರನ್ನಿನ ನೆಲಿಮಾ ತಟ್ಟೆ ಹಿಡಿದು ಬಂದವಳು ನನ್ನನ್ನು ಕಂಡು ಒಂದು ಕ್ಷಣ ಕಲ್ಲಾದಳು.

“ಸ್ವಾಗತ ಸರ್,” ಎಂದಳು. ಮೇಜಿನ ಮೇಲೆ ಬಗ್ಗಿ, “ಅಪ್ಪಾ, ದಮ್ಮಯ್ಯ, ಎದ್ದು ಹೋಗು. ಇಲ್ಲಿ ಯಾರಿದಾರೆ ಗೊತ್ತಾ ನಿಂಗೆ?”

“ಅತಿಥಿ ಹತ್ರ ಪಿಸುಗುಟ್ಟಬಾರದು,” ಎಂದು ತಿದ್ದಿದೆ. “ಚಹಾ, ಮಂದಾಜಿ ತಗೊಂಬಾ.”

ಬಂತು. ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿಯನ್ನು ಬಾಯಿತುಂಬ ಕಚ್ಚಿ, ಹೊಗೆಯಾಡುವ ಚಹಾವನ್ನು ಒಂದು ಗುಟುಕು ಕುಡಿದು, ಸುತ್ತಲಿನ ಮೇಜುಗಳಿಗೆಲ್ಲ ಕೇಳುವಂತೆ ಗುಡುಗಿದೆ: “ಇದು ಆರಿದೆ! ಮ್ಯಾನೇಜರನ್ನ ಕರಿ!”

ಮ್ಯಾನೇಜರಮ್ಮ ಬಾಗಿಲಲ್ಲಿ ಪ್ರತ್ಯಕ್ಷರಾದರು. ನನ್ನ ಹೆಂಡತಿಯ ತಾಯಿಯ ಖಾಸಾ ತಂಗಿ, ಸೆಲಿನಾ! ನಮ್ಮ ಮದುವೆಯ ನಂತರ ದೂರದ ಮೊಂಬಾಸಾ ಸೇರಿದವರು ಯಾವಾಗ ಇಲ್ಲಿಗೆ ಬಂದರೋ ದೇವರಿಗೇ ಗೊತ್ತು.

ನಮ್ಮ ಬುಕುಸು ಜನರಲ್ಲಿ ಅಳಿಯನೂ ಅತ್ತೆಯೂ ಕೈ ಕುಲುಕುವಂತಿಲ್ಲ. ಒಬ್ಬರ ಕಣ್ಣೆದುರು ಇನ್ನೊಬ್ಬರು ತಿನ್ನುವಂತಿಲ್ಲ. ದಾರಿಯಲ್ಲಿ ಅತ್ತೆ ಎದುರಾದರೆ ಅಳಿಯನಾದವನು ದಾರಿ ಬಿಟ್ಟು ಪೊದೆಗೆ ಇಳಿಯಬೇಕು. ಅತ್ತೆಯ ತಂಗಿಯೂ ಅತ್ತೆಯೇ, ಅದರಲ್ಲಿ ರಿಯಾಯಿತಿ ಇಲ್ಲ. ಈಗ ನನ್ನ ಬಾಯಲ್ಲಿ ಮಂದಾಜಿ, ಎದುರಿಗೆ ಚಿಕ್ಕತ್ತೆ. ಊಟದ ಕೋಣೆಯಲ್ಲಿ ಪೊದೆ ಎಲ್ಲಿಂದ ತರಲಿ?

ಮೂಲೆಯಲ್ಲೊಂದು ಕುಂಡ, ಅದರಲ್ಲೊಂದು ಬಡಕಲು ತಾಳೆ ಗಿಡ ಇತ್ತು. ಹಾರಿ ಅದರ ಹಿಂದೆ ಸೇರಿಕೊಂಡೆ. ಗಿಡದ ಎಡಕ್ಕೂ ಬಲಕ್ಕೂ ನನ್ನ ಕೋಟು ಉಳಿಯಿತು. ಚಿಕ್ಕತ್ತೆ ಚೀರಿ, ಸರ್ರನೆ ತಿರುಗಿ, ಗೋಡೆಗೆ ಮುಖ ಮಾಡಿ, ಕೈಯಲ್ಲಿದ್ದ ಕರವಸ್ತ್ರವನ್ನು ತಲೆಯ ಮೇಲೆ ಹೊದ್ದುಕೊಂಡರು. ಇದ್ದ ಒಂದೇ ಬಾಗಿಲಲ್ಲಿ ಅವರು ನಿಂತಿದ್ದಾರೆ, ನಾನು ಹೊರಗೆ ಹೋಗುವಂತಿಲ್ಲ. ಕೋಣೆ ತುಂಬ ಗಿರಾಕಿಗಳು, ಮ್ಯಾನೇಜರಾದವರು ಬಿಟ್ಟು ಓಡುವಂತಿಲ್ಲ. ಪ್ರವಾಸಿ ದಂಪತಿಗಳಿಬ್ಬರು ಇದು ಸ್ಥಳೀಯ ನೃತ್ಯದ ಆರಂಭವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮಗಳ ಒಂದು ವರ್ಷವನ್ನು ನಾನೇ ಕೈಯಾರೆ ಸರೋವರಕ್ಕೆ ಎಸೆದೆನಲ್ಲ! ನಿಜ ಹೇಳುತ್ತೇನೆ, ಅಳುವೇ ಬಂತು. ಮಂದಾಜಿ ಅಡ್ಡ ಇದ್ದುದರಿಂದ ಅಳಲಾಗಲಿಲ್ಲ.

ಆಗ ನೆಲಿಮಾ ದೊಡ್ಡದೊಂದು ಮೇಜಿನ ಬಟ್ಟೆಯನ್ನು ಕೊಡವಿ ಬಿಚ್ಚಿದಳು. ಒಂದು ತುದಿಯನ್ನು ಇನ್ನೊಬ್ಬ ಹುಡುಗಿಯ ಕೈಗೆ ಕೊಟ್ಟು, ನನಗೂ ಚಿಕ್ಕತ್ತೆಗೂ ನಡುವೆ ಪರದೆಯಂತೆ ಎತ್ತಿ ಹಿಡಿದಳು. “ಸರ್, ತೋಟದಲ್ಲಿ ನಿಮ್ಮ ಮೇಜು ಸಿದ್ಧ ಇದೆ. ದಯವಿಟ್ಟು ಹೀಗೆ ಬನ್ನಿ,” ಎಂದಳು, ದಿನಾ ಇದೇ ಕೆಲಸ ಎಂಬಂತೆ. ಬಟ್ಟೆಯ ಮರೆಯಲ್ಲಿ ನವವಧುವಿನಂತೆ ತಲೆ ತಗ್ಗಿಸಿ ಅವರ ಪಕ್ಕದಿಂದಲೇ ಹೊರಬಿದ್ದೆ. ಹಿಂದಿನಿಂದ ಚಿಕ್ಕತ್ತೆಯ ದನಿ ಗೋಡೆಗೆ ಹೇಳುತ್ತಿತ್ತು: “ಮೊಮ್ಮಗಳೇ, ಆ ಅತಿಥಿಗೆ ತಿಳಿಸು, ಚಹಾ ಬಿಸಿಯಾಗೇ ಇತ್ತು. ಹೊಗೆ ನನಗೆ ಇಲ್ಲಿಗೇ ಕಾಣ್ತಿತ್ತು.”

ಇಬ್ಬರು ಹಿರಿಯರ ಮಾನ ಉಳಿಸಿ, ಒಬ್ಬ ಗಿರಾಕಿಯನ್ನೂ ಎಬ್ಬಿಸದೆ ಕೆಲಸ ಮುಗಿಸಿದಳೆಂದು ಮಗಳಿಗೆ ಅಲ್ಲೇ ಜಾಗ ಸಿಕ್ಕಿತು. ಮನೆಗೆ ಎದೆಯುಬ್ಬಿಸಿಕೊಂಡು ಬಂದೆ. “ನೋಡಿದೆಯಾ? ನನ್ನ ಕಿರಿಕಿರಿ ಇಲ್ದಿದ್ರೆ ಅವಳ ಪ್ರತಿಭೆ ಹೊರಗೆ ಬರ್ತಿತ್ತಾ?”

“ನೋಡ್ದೆ, ನೋಡ್ದೆ. ಫೋನು ನಿಮಗಿಂತ ಮುಂಚೆ ಬಂತು,” ಎಂದಳು ನಂಜಾಲಾ. “ಚಿಕ್ಕಮ್ಮನ ಮರ್ಯಾದೆ ತೆಗೆದಿದ್ದಕ್ಕೆ ದಂಡ ಅಂತ ಒಂದು ಮೇಕೆ ಕಳಿಸ್ಬೇಕು. ಕ್ರಿಸ್‌ಮಸ್ಸಿಗೆ ಅಂತ ಮೇಯಿಸ್ತಿದ್ದೀರಲ್ಲ, ಅದೇ ಆಗುತ್ತೆ.”

ಮೇಕೆ ಹೋಯಿತು. ಸೋಮವಾರ ಮಗಳೂ ಹೋಟೆಲಿಗೆ ಹೋದಳು. ಆ ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ನನ್ನ ಕುರ್ಚಿಯಲ್ಲಿ ಹೆಂಡತಿ ಕಾಲು ಚಾಚಿ ಕೂತಿದ್ದಾಳೆ. ಬೀರುವಿನಲ್ಲಿ ಒಂದು ಸೋಪು ಕಾಣೆ. ಅವಳ ಕೈಯಿಂದ ನೈರೋಬಿಯ ಪರಿಮಳ ಬರುತ್ತಿದೆ.

“ನೆಲಿಮಾ ಇಲ್ಲ. ಈ ಹೋಟೆಲಿಗೆ ಕೆಲಸದವ್ರು ಬೇಕಲ್ಲ, ನಿಮ್ಮನ್ನೇ ತಗೊಂಡಿದೀನಿ,” ಎಂದಳು. “ಮೂರು ತಿಂಗಳು ಅಟ್ಯಾಚ್‌ಮೆಂಟ್. ಸಂಬಳ ಇಲ್ಲ.”

“ಯಾರ ಶಿಫಾರಸು?”

“ಚಿಕ್ಕಮ್ಮಂದು.”

ಅತ್ತೆಯ ಮಾತಿಗೆ ಎದುರಾಡುವ ಸಂಪ್ರದಾಯ ನಮ್ಮಲ್ಲಿಲ್ಲ. ಚಹಾ ಕಾಸಿ, ಬಟ್ಟಲ ಕೆಳಗೆ ತಟ್ಟೆಯಿಟ್ಟು, ತೋಳಿಗೆ ಟವೆಲು ಹಾಕಿಕೊಂಡು ತಂದುಕೊಟ್ಟೆ. ಅವಳು ಒಂದು ಗುಟುಕು ಹೀರಿ ಹುಬ್ಬು ಗಂಟಿಕ್ಕಿದಳು.

“ಆರಿದೆ. ಮ್ಯಾನೇಜರನ್ನ ಕರೀರಿ.”

ಮ್ಯಾನೇಜರು ಯಾರೆಂದು ಕೇಳುವಷ್ಟು ದಡ್ಡ ನಾನಲ್ಲ. “ಕ್ಷಮಿಸಿ ಮೇಡಂ, ಈಗ್ಲೇ ಬದಲಾಯಿಸ್ತೀನಿ,” ಎಂದು ಬಟ್ಟಲು ಎತ್ತಿಕೊಂಡು ಒಲೆಯ ಕಡೆ ನಡೆದೆ.